ಮೈಕಿಗೆ ಮೊದಲು ಕೇಳಿಸಿದ್ದು

ಮೊನ್ನೆ ಶಂಕರಪುರದಲ್ಲಿ ಪರಿಚಯದವರೊಬ್ಬರ ಮನೆಗೆ ಹೋಗಿದ್ದೆ. ಮಳೆಗೆ ಅವರ ಅಟ್ಟ ಸೋರಿ, ಹಳೆಯ ಹತ್ತಿ ಹಾಸಿಗೆಯೊಂದು ಪೂರ್ತಿ ನೆನೆದುಹೋಗಿತ್ತು. ಅದನ್ನು ವರಾಂಡದ ಕಟಕಟೆಯ ಮೇಲೆ ಹರವಿದ್ದರು. ಚಪ್ಪಲಿ ಬಿಟ್ಟು ಒಳಗೆ ಕಾಲಿಡುವಷ್ಟರಲ್ಲಿ ಆ ವಾಸನೆ ಮೂಗಿಗೆ ಬಡಿಯಿತು. ನೆನೆದ ಹತ್ತಿ, ಮುಗ್ಗಲು, ಅದರ ಹಿಂದೆ ಎಲ್ಲೋ ಸ್ವಲ್ಪ ಕರ್ಪೂರ. ಮನೆಯಾಕೆ ಕಾಫಿ ಕೊಟ್ಟು ಏನೋ ಕೇಳುತ್ತಿದ್ದರು. ನಾನು ಹೂಂಗುಟ್ಟುತ್ತಿದ್ದೆ, ಆದರೆ ಅವರ ಮಾತು ತಲೆಗೆ ಹೋಗುತ್ತಿರಲಿಲ್ಲ. ಅಲ್ಲಿಂದ ಎರಡು ಬೀದಿ ಆಚೆ, ಇಂಥವೇ ಹಾಸಿಗೆಗಳನ್ನು ಕಿಟಕಿಗಳಿಗೆ ಒತ್ತಿ ಕಟ್ಟಿಕೊಂಡು ನಾನೂ ನಾಗೇಶನೂ ಕಳೆದ ಒಂದು ಮಳೆಗಾಲ ಇದ್ದಕ್ಕಿದ್ದಂತೆ ಎದುರಿಗೆ ಬಂದು ನಿಂತಿತ್ತು.

ಅದು ಕ್ಯಾಸೆಟ್ಟುಗಳು ಇನ್ನೂ ಇದ್ದು, ಸಿ.ಡಿ.ಗಳು ಬರತೊಡಗಿದ್ದ ಕಾಲ. ಕಂಪ್ಯೂಟರಿನಲ್ಲಿ ಹಾಡು ರೆಕಾರ್ಡ್ ಮಾಡಬಹುದು ಅನ್ನುವುದೇ ನಮಗೆ ದೊಡ್ಡ ಬೆರಗು. ನಾಗೇಶ ಶ್ರೀರಾಂಪುರದ ಹುಡುಗ, ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುತ್ತಿದ್ದ. ನಾನು ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಮಾಡಿಕೊಂಡಿದ್ದವನು. ಇಬ್ಬರೂ ಸೇರಿ ಶಂಕರಪುರದ ಒಂದು ಹಳೇ ಮನೆಯ ಹಿಂದಿನ ಎರಡು ಕೋಣೆಗಳನ್ನು ಬಾಡಿಗೆಗೆ ಹಿಡಿದು ಸ್ಟುಡಿಯೋ ಎಂದು ಬೋರ್ಡು ಹಾಕಿದ್ದೆವು. ಗೋಡೆಗೆ ಜಮಖಾನ, ಕಿಟಕಿಗೆ ಹಾಸಿಗೆ, ಎರಡು ಕೋಣೆಗಳ ನಡುವೆ ದಪ್ಪ ಗಾಜು. ಅಂಗಡಿಗಳ ಜಾಹೀರಾತು, ಗಣೇಶೋತ್ಸವದ ಹಾಡುಗಳು, ನಾಟಕದವರ ಹಿನ್ನೆಲೆ ಸಂಗೀತ, ಇಷ್ಟೇ ನಮ್ಮ ಕೆಲಸ. ಅದಕ್ಕೆ ಸ್ಟೇಜಿನ ಮೈಕುಗಳು ಸಾಕಾಗಿದ್ದವು. ಬಾಯಿಗೆ ತಗುಲುವಷ್ಟು ಹತ್ತಿರ ಹಿಡಿದರೆ ಮಾತ್ರ ಕೇಳಿಸಿಕೊಳ್ಳುವ, ಅದರಾಚೆಯ ಲೋಕ ಬೇಡದ ಮೈಕುಗಳು.

ಆ ವರ್ಷ ಯುಗಾದಿ ಕಳೆದು, ಮಳೆ ಹಿಡಿಯುವ ಹೊತ್ತಿಗೆ ಸುಲೋಚನಾ ಟೀಚರ್ ಹೇಳಿ ಕಳಿಸಿದರು.

ಗಾಂಧಿ ಬಜಾರಿನ ಹಿಂದಿನ ಬೀದಿಯಲ್ಲಿ ಅವರ ಮನೆ. ಐವತ್ತು ದಾಟಿದ ಹೆಂಗಸು. ಆ ಸುತ್ತಿನ ಅರ್ಧ ಹೆಣ್ಣುಮಕ್ಕಳು ಸಂಗೀತದ ಸರಳೆ ಜಂಟಿ ಕಲಿತದ್ದು ಅವರ ಚಾಪೆಯ ಮೇಲೆ. ಆದರೆ ಟೀಚರ್ ಒಂದು ದಿನವೂ ಮೈಕಿನ ಮುಂದೆ ಹಾಡಿದವರಲ್ಲ. ಸಭೆಗೂ ಇಲ್ಲ, ರೇಡಿಯೋಗೂ ಇಲ್ಲ. ಅವರ ಹತ್ತಿರ ಇನ್ನೊಂದು ಆಸ್ತಿ ಇತ್ತು. ಅವರ ತಾಯಿ ಹಾಡುತ್ತಿದ್ದ ಮನೆವಾರ್ತೆಯ ಹಾಡುಗಳು: ಎಣ್ಣೆ ಶಾಸ್ತ್ರದ್ದು, ಹಸೆಗೆ ಕರೆಯುವುದು, ಹೆಣ್ಣಿಗೆ ಜಡೆ ಹೆಣೆಯುವುದು, ಆರತಿ, ತೊಟ್ಟಿಲು. ಯಾವ ಪುಸ್ತಕದಲ್ಲೂ ಇಲ್ಲದವು. ಆ ಧಾಟಿ ಇನ್ನೆಲ್ಲೂ ಕೇಳಿದ್ದಿಲ್ಲ ಎಂದು ಬಲ್ಲವರು ಹೇಳುತ್ತಿದ್ದರು. ಅವನ್ನು ರೆಕಾರ್ಡ್ ಮಾಡಿಸಿ ಎಂದು ಶಿಷ್ಯೆಯರು ವರ್ಷಗಟ್ಟಲೆ ಗೋಗರೆದರೂ ಟೀಚರ್ ಒಪ್ಪಿರಲಿಲ್ಲ. ಈಗ ತಾವಾಗಿಯೇ ಒಪ್ಪಿದ್ದರು. ಸುದ್ದಿ ತಂದವಳು ವಾಣಿ, ಅವರ ಹಿರಿಯ ಶಿಷ್ಯೆ, ಒಂದು ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದಳು.

"ಟೀಚರ್ ಕೇಳಿದ್ರು, ಎಷ್ಟು ಬೇಗ ಶುರು ಮಾಡ್ಬೋದು ಅಂತ," ಎಂದಳು ವಾಣಿ.

ಇಷ್ಟು ವರ್ಷ ಬೇಡವೆಂದವರು ಈಗ ಯಾಕೆ, ಅದೂ ಬೇಗ ಯಾಕೆ, ಎಂದು ನಮಗಿಬ್ಬರಿಗೂ ಕೇಳಬೇಕೆನಿಸಲಿಲ್ಲ. ಖುಷಿ ಅಷ್ಟಿತ್ತು.

"ಗುರು, ಆ ದನಿಗೆ ನಮ್ಮ ಆರ್ಕೆಸ್ಟ್ರಾ ಮೈಕು ಹಿಡಿದ್ರೆ ಪಾಪ ಬರುತ್ತೆ," ಎಂದ ನಾಗೇಶ. "ಕಂಡೆನ್ಸರ್ ಮೈಕೇ ಬೇಕು. ದೊಡ್ಡ ಸ್ಟುಡಿಯೋದವರು ಇಟ್ಕೊಂಡಿರ್ತಾರಲ್ಲ, ಅದು."

ಕಂಡೆನ್ಸರ್ ಮೈಕಿನ ಒಳಗೆ ಈರುಳ್ಳಿ ಪೊರೆಗಿಂತ ತೆಳುವಾದ ಹಾಳೆಯೊಂದು ಬಿಗಿದಿರುತ್ತದೆ. ಅದಕ್ಕೆ ಸದಾ ಕರೆಂಟು ಕೊಡುತ್ತಿರಬೇಕು. ಗಾಳಿ ಸ್ವಲ್ಪ ಅಲುಗಿದರೂ ಆ ಹಾಳೆ ನಡುಗುತ್ತದೆ. ಸ್ಟೇಜಿನ ಮೈಕು ಕೇಳಿಸಿಕೊಳ್ಳದ್ದನ್ನೆಲ್ಲ ಇದು ಕೇಳಿಸಿಕೊಳ್ಳುತ್ತದೆ. ನಾಗೇಶನಿಗೆ ಪರಿಚಯವಿದ್ದ ಎಸ್.ಪಿ. ರಸ್ತೆಯ ಅಂಗಡಿಯವರೊಬ್ಬರು ಎರಡು ಮೈಕುಗಳನ್ನು ಪರೀಕ್ಷೆಗೆಂದು ಕೊಟ್ಟರು. "ಮಳೆಗಾಲ ಮುಗಿಯೋದ್ರೊಳಗೆ ಒಂದು ಇಟ್ಕೊಳ್ಳಿ, ಇನ್ನೊಂದು ವಾಪಸ್ ತನ್ನಿ" ಎಂದರು. ಒಂದು ಕಪ್ಪಗೆ, ಸಣಕಲಾಗಿತ್ತು. ಇನ್ನೊಂದು ಬೂದು ಬಣ್ಣದ್ದು, ಹೊಟ್ಟೆ ದಪ್ಪಗಿದ್ದದ್ದು. ಬೂದು ಮೈಕಿನಲ್ಲಿ ಯಾರು ಮಾತಾಡಿದರೂ ದನಿ ತುಂಬಿಕೊಂಡು, ಚೂರು ತುಪ್ಪ ಸವರಿದ ಹಾಗೆ ಕೇಳುತ್ತಿತ್ತು. ಕಪ್ಪು ಮೈಕಿಗೆ ಆ ದಾಕ್ಷಿಣ್ಯ ಇರಲಿಲ್ಲ.

ಮೊದಲ ದಿನ ಕಪ್ಪು ಮೈಕಿಗೆ ಹೆಡ್‌ಫೋನ್ ಹಾಕಿ ಕೂತೆ. ಕೋಣೆಯಲ್ಲಿ ಯಾರೂ ಇರಲಿಲ್ಲ. ಆದರೂ ಕಿವಿಯ ತುಂಬ ಸದ್ದು. ಪಕ್ಕದ ಮನೆಯವರ ಕುಕ್ಕರಿನ ಗುಸುಗುಸು, ಮಾಡಿನ ಶೀಟಿನ ಮೇಲೆ ಪಾರಿವಾಳದ ಉಗುರು, ಮೇಜಿನ ಮೇಲೆ ಬಿಚ್ಚಿಟ್ಟಿದ್ದ ನನ್ನದೇ ಕೈಗಡಿಯಾರ. ನಾಗೇಶ ಹೆಡ್‌ಫೋನ್ ಕಿತ್ತುಕೊಂಡು ಕೇಳಿ, ಮುಖ ಸಣ್ಣದು ಮಾಡಿದ.

"ಇದಕ್ಕೆ ಹೆದರ್ಕೋಬೇಕು ಮಗಾ. ಇದರ ಮುಂದೆ ಸುಳ್ಳು ಹೇಳಕ್ಕಾಗಲ್ಲ."

ಇಬ್ಬರೂ ನಕ್ಕೆವು.

ಟೀಚರ್ ಮೊದಲ ಸಲ ಬಂದದ್ದು ಆಷಾಢದ ಗಾಳಿಯ ಒಂದು ಬೆಳಗ್ಗೆ. ಆಟೋಗಳ ಓಡಾಟ ಶುರುವಾಗುವ ಮುಂಚೆ ಬರಲು ಹೇಳಿದ್ದೆವು. ಜೊತೆಗೆ ಅವರ ಯಜಮಾನರು ಗೋಪಾಲರಾಯರು, ಬ್ಯಾಂಕಿನಿಂದ ನಿವೃತ್ತರಾದವರು, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಪೇಪರು. "ನಾನು ಇಲ್ಲೇ ಹೊರಗಿರ್ತೀನಪ್ಪ, ನಾನು ಉಸಿರಾಡಿದ್ದೂ ಅದರಲ್ಲಿ ಬಂದ್ಬಿಟ್ರೆ ಕಷ್ಟ," ಎಂದು ವರಾಂಡದ ಬೆಂಚಿನ ಮೇಲೆ ಕೂತರು. ಟೀಚರ್ ಸೆರಗನ್ನು ಕತ್ತಿನ ಸುತ್ತ ಬಿಗಿಯಾಗಿ ಸುತ್ತಿಕೊಂಡಿದ್ದರು. ಚಳಿಗೆ ಇರಬೇಕು ಅಂದುಕೊಂಡೆವು. ಕಾಫಿ ತರಿಸಿದೆ.

"ಹಾಡೋ ಮುಂಚೆ ಬೇಡಪ್ಪ," ಎಂದು ಲೋಟವನ್ನು ಬೆರಳಿನಿಂದ ಆಚೆ ಸರಿಸಿದರು.

ಒಂದೇ ಸ್ಟ್ಯಾಂಡಿಗೆ ಎರಡೂ ಮೈಕು ಅಕ್ಕಪಕ್ಕ ಕಟ್ಟಿ, ಬಾಯಿಂದ ಒಂದು ಗೇಣು ದೂರ ಇಟ್ಟೆವು. ಒಂದೇ ಹಾಡು ಎರಡರಲ್ಲೂ ಸಿಕ್ಕಿದರೆ ಹೋಲಿಸುವುದು ಸುಲಭ. ವಾಣಿ ತಂಬೂರಿ ಹಿಡಿದಳು. ಟೀಚರ್ ಕಣ್ಣು ಮುಚ್ಚಿ ಆರತಿಯ ಹಾಡೊಂದನ್ನು ಎತ್ತಿಕೊಂಡರು. ಗಾಜಿನ ಈಚೆ ನಿಂತಿದ್ದ ನಾಗೇಶ ಹಾಗೇ ಕುಳಿತುಬಿಟ್ಟ. ಅಂಥ ದನಿ ಅದು. ಎತ್ತರಕ್ಕೆ ಹೋದಾಗಲೂ ಕೂಗು ಅನ್ನಿಸದು, ಮನೆಯೊಳಗಿನಿಂದ ಯಾರೋ ಕರೆದ ಹಾಗೆ.

ಅವರು ಹೋದ ಮೇಲೆ ಕಪ್ಪು ಮೈಕಿನದನ್ನು ಮಾತ್ರ ಹಾಕಿ ಕೇಳಿದೆ. ಮೊದಲ ನುಡಿ ಚೆನ್ನಾಗಿತ್ತು. ಎರಡನೆಯ ನುಡಿಯಲ್ಲಿ, ಮೇಲಿನ ಷಡ್ಜದಿಂದ ಇಳಿಯುವ ಕಡೆ, ದನಿಯ ಪಕ್ಕದಲ್ಲಿ ಇನ್ನೇನೋ ಇತ್ತು. ಸೈಕಲ್ ಟ್ಯೂಬಿನಿಂದ ಗಾಳಿ ಸಣ್ಣಗೆ ಸೋರುವಂಥ ಸದ್ದು. ದನಿ ನಿಂತ ಮೇಲೂ ಅದು ಒಂದು ಚೂರು ಉಳಿದು, ಆಮೇಲೆ ನಿಲ್ಲುತ್ತಿತ್ತು. ಕೋಣೆಯಲ್ಲಿ ನಿಂತು ಕೇಳಿದಾಗ ಇದು ಇರಲೇ ಇಲ್ಲ.

"ಥಂಡಿ ಗುರು," ಎಂದ ನಾಗೇಶ. "ಈ ಮೈಕುಗಳಿಗೆ ತೇವ ಆಗಲ್ಲ. ಒಳಗಿನ ಹಾಳೆಗೆ ನೀರಿನ ಪಸೆ ಕೂತ್ರೆ ಹಿಂಗೇ ಏನೇನೋ ಸೌಂಡ್ ಬರುತ್ತೆ."

ಅದು ನಿಜವೇ. ಕಂಡೆನ್ಸರ್ ಮೈಕಿಗೆ ಬೆಂಗಳೂರಿನ ಮಳೆಗಾಲ ಆಗದು. ಕಿಟಕಿಯ ಹಾಸಿಗೆಗಳೂ ಅಷ್ಟರಲ್ಲಿ ನೀರು ಕುಡಿದು ಭಾರವಾಗಿದ್ದವು, ಕೋಣೆಯೆಲ್ಲ ಅದೇ ವಾಸನೆ. ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ತೇವ ಹೀರುವ ಪುಡಿಯ ಪೊಟ್ಟಣಗಳನ್ನಿಟ್ಟು, ಮೈಕುಗಳನ್ನು ಬಟ್ಟೆಯಲ್ಲಿ ಸುತ್ತಿ ಅದರೊಳಗೆ ಮಲಗಿಸಿದೆ. ವೈರು ಬದಲಾಯಿಸಿದೆ. ಹಾಸಿಗೆಗಳನ್ನು ಬಿಸಿಲು ಬಿದ್ದ ಒಂದು ಮಧ್ಯಾಹ್ನ ಮನೆಯವರ ತಾರಸಿಗೆ ಹೊತ್ತೊಯ್ದು ಒಣಗಿಸಿದೆವು. ಟೀಚರ್ ಮತ್ತೆ ಬಂದರು, ಹಾಡಿದರು, ಹೋದರು. ಆ ಸದ್ದು ಇನ್ನೂ ಇತ್ತು. ಈ ಸಲ ಎರಡು ಕಡೆ.

ನಾಗೇಶನನ್ನು ನಿಲ್ಲಿಸಿ ಹಾಡಿಸಿದೆ. ಅವನ ದನಿ ಕರ್ಕಶವಾಗಿತ್ತು, ಆದರೆ ಸೋರಿಕೆ ಇರಲಿಲ್ಲ. ಪರಿಚಯದವರೊಬ್ಬರನ್ನು ಕೂರಿಸಿ ವೀಣೆ ನುಡಿಸಲು ಹೇಳಿದೆ, ತಂತಿಯ ಮೇಲೆ ಬೆರಳು ಜಾರುವುದು ಕೂಡ ಕನ್ನಡಿಯ ಹಾಗೆ ಬಂತು. ವಾಣಿಯನ್ನು ಕರೆಸಿ ಅದೇ ಹಾಡು ಹಾಡಿಸಿದೆ. ಏನೂ ಇರಲಿಲ್ಲ. ಬೂದು ಮೈಕಿನ ಟ್ರ್ಯಾಕನ್ನು ಮತ್ತೆ ಹಾಕಿದೆ. ಮೊದಲು ಅದರಲ್ಲಿ ಆ ಸದ್ದು ಇಲ್ಲ ಅಂದುಕೊಂಡಿದ್ದೆ. ಒಮ್ಮೆ ಗುರುತು ಸಿಕ್ಕಿದ ಮೇಲೆ ಅದರಲ್ಲೂ ಕೇಳಿಸಿತು, ಆ ತುಪ್ಪದ ಕೆಳಗೆ.

ಹೆಡ್‌ಫೋನ್ ತೆಗೆದಿಟ್ಟೆ.

"ಟೀಚರ್ ಆರೋಗ್ಯ ಹೇಗಿದೆ?" ಎಂದು ವಾಣಿಯನ್ನು ಕೇಳಿದೆ, ತಂಬೂರಿಗೆ ಗವಸು ಹಾಕುತ್ತಿದ್ದಳು.

"ಚೆನ್ನಾಗೇ ಇದಾರಲ್ಲ ಸಾರ್. ಮಳೆಗಾಲ ಅಂತ ಶ್ರುತಿ ಅರ್ಧ ಮನೆ ಇಳಿಸಿದಾರೆ ಅಷ್ಟೆ. ಪಾಠದಲ್ಲೂ ಈಗ ಜಾಸ್ತಿ ಹಾಡಲ್ಲ, ಬಾಯಲ್ಲಿ ಹೇಳ್ಕೊಡ್ತಾರೆ. ನಾವೇ ಹಾಡ್ಬೇಕು." ಗವಸು ಬಿಟ್ಟು ತಲೆಯೆತ್ತಿ, "ಯಾಕೆ ಸಾರ್?" ಎಂದಳು.

"ಸುಮ್ನೆ ಕೇಳ್ದೆ."

ಮುಂದಿನ ಸಲ ಬಂದಾಗ ಒಂದು ಹಾಡು ಮುಗಿಸಿ ಟೀಚರ್ ಹಿತ್ತಲಿಗೆ ಹೋದರು. ನಾನು ಬಾಗಿಲ ಸಂದಿಯಿಂದ ಅಕಸ್ಮಾತ್ ನೋಡಿದೆ. ಬಾವಿಕಟ್ಟೆಯ ಹತ್ತಿರ ನಿಂತು ಲೋಟದಿಂದ ನೀರು ಕುಡಿಯುತ್ತಿದ್ದರು. ಕುಡಿಯುವಾಗ ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ, ಗದ್ದ ಒತ್ತಿಕೊಂಡು, ಗುಟುಕು ಗುಟುಕಾಗಿ. ಹಾಗಿದ್ದೂ ನೀರು ಒಳಗೆ ತಪ್ಪುದಾರಿ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದರು. ಸೆರಗಿನಿಂದ ಬಾಯಿ ಒರೆಸಿಕೊಂಡು ಮೊದಲು ಮಾಡಿದ ಕೆಲಸ, ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸಿದ್ದು. ನಾನು ಹಿಂದಕ್ಕೆ ಸರಿದೆ. ಅವರು ಒಳಗೆ ಬಂದು ನಗುತ್ತ, "ಮುಂದಿನದು ಎತ್ಕೊಳ್ಳೋಣ್ವಾ?" ಎಂದರು.

ಗಾಜಿನ ಆಚೆ ನಗುತ್ತ ನಿಂತ ಮನುಷ್ಯರ ಒಳಗಿನ ಕಾಯಿಲೆ ಈಚೆ ಕೂತ ನಮ್ಮ ಕಿವಿಗೆ ಬೀಳುವುದು ಎಂಥ ಅನುಭವವೆಂದು ಹೇಗೆ ಹೇಳಲಿ? ವರಾಂಡದಲ್ಲಿ ರಾಯರು ಪೇಪರಿನ ಪುಟ ತಿರುವುತ್ತಿದ್ದರು. ವಾಣಿ ತಂಬೂರಿಯ ಜೀವಾಳದ ದಾರ ಸರಿಮಾಡುತ್ತಿದ್ದಳು. ಊರಿನಲ್ಲಿ ಯಾರಿಗೂ ಗೊತ್ತಿಲ್ಲದ ವಿಷಯವನ್ನು ಒಂದು ಕಪ್ಪು ಮೈಕು ನನಗೆ ಮಾತ್ರ ಹೇಳುತ್ತಿತ್ತು.

ನಾಗೇಶನಿಗೆ ಹೇಳಿದೆ.

"ಹೇಳ್ಬೇಡ ಮಗಾ. ನಾವೇನು ಡಾಕ್ಟ್ರಾ? ನಿನ್ನ ಲೆಕ್ಕ ತಪ್ಪಾಗಿದ್ರೆ ಸುಮ್ನೆ ಹೆದರ್ಸಿದಂಗಾಗುತ್ತೆ."

"ಸರಿಯಾಗಿದ್ರೆ?"

"ಸರಿಯಾಗಿದ್ರೆ..." ಅವನು ಕೀಬೋರ್ಡಿನ ಮೇಲಿನ ಧೂಳನ್ನು ಬೆರಳಲ್ಲಿ ಒರೆಸಿದ. "ಸರಿಯಾಗಿದ್ರೆ ಹೇಳಕ್ಕೆ ನಂಗೆ ಧೈರ್ಯ ಇಲ್ಲ ಗುರು. ನಿಂಗಿದ್ರೆ ಹೇಳು."

ನನಗೂ ಇರಲಿಲ್ಲ. ಆದರೆ ಸುಮ್ಮನಿರುವುದಕ್ಕೆ ಅದಕ್ಕಿಂತ ಹೆಚ್ಚು ಧೈರ್ಯ ಬೇಕಿತ್ತು.

ಅದರ ಮುಂದಿನ ಸಲ ವಾಣಿಗೆ ಶಾಲೆಯಿತ್ತು, ಬರಲಿಲ್ಲ. ಟೀಚರನ್ನು ಗಾಜಿನ ಈಚೆ ಕೂರಿಸಿ, "ನಿಮ್ಮ ಹಾಡು ಒಂದ್ಸಲ ಕೇಳಿ ಅಮ್ಮ" ಎಂದು ಹೆಡ್‌ಫೋನ್ ಕೊಟ್ಟೆ. ಬೇರೇನೂ ಹೇಳಲಿಲ್ಲ. ಕಪ್ಪು ಮೈಕಿನ ಟ್ರ್ಯಾಕು ಹಾಕಿದೆ. ಮೊದಲ ನುಡಿಗೆ ಅವರ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಎರಡನೆಯ ನುಡಿಯಲ್ಲಿ ಆ ಜಾಗ ಬಂತು. ಬೆರಳು ನಿಂತಿತು. ಹಾಡು ಮುಗಿಯುವ ತನಕ ಅವರು ಅಲುಗಲಿಲ್ಲ. ಆಮೇಲೆ ಹೆಡ್‌ಫೋನ್ ತೆಗೆದು, ಜಡೆಗೆ ಸಿಕ್ಕಿಕೊಂಡಿದ್ದ ವೈರನ್ನು ಬಿಡಿಸಿ, ಮೇಜಿನ ಮೇಲಿಟ್ಟರು.

"ನಿಂಗೆ ಯಾವಾಗ ಗೊತ್ತಾಯ್ತು?" ಎಂದರು.

"ಮೊದಲ ದಿನಾನೇ ಕೇಳಿಸ್ತು. ಮೈಕಿನ ದೋಷ ಅಂದ್ಕೊಂಡೆ."

"ನಂಗೆ ಯುಗಾದಿಯಿಂದ ಗೊತ್ತು."

ಅವರು ಕತ್ತಿನ ಸೆರಗನ್ನು ಸಡಿಲಿಸಿದರು. ಎಡಗಡೆ, ಗಂಟಲಿನ ಗುಂಡಿಯ ಪಕ್ಕದಲ್ಲಿ, ನೆಲ್ಲಿಕಾಯಿಯಷ್ಟು ದಪ್ಪದ ಗಂಟು. ಮತ್ತೆ ಮುಚ್ಚಿಕೊಂಡರು.

"ನಮ್ಮಮ್ಮಂಗೂ ಇಲ್ಲೇ ಬಂದಿದ್ದು. ಆಪರೇಷನ್ ಮಾಡಿದ್ರು. ಆಮೇಲೆ ಬದುಕಿದ್ಲು, ಆದ್ರೆ ದನಿ ಬರ್ಲಿಲ್ಲ. ನಾನು ಆಗಿನ್ನೂ ಅರ್ಧ ಹಾಡೂ ಕಲ್ತಿರ್ಲಿಲ್ಲ. ಬಾಯಿ ಆಡಿಸೋಳು, ನಾನು ಅದನ್ನ ನೋಡ್ಕೊಂಡು ಸಾಹಿತ್ಯ ಹಿಡಿಯೋಳು. ಎಷ್ಟೋ ಹಾಡಿನ ಧಾಟಿ ಹಾಗೇ ಹೋಯ್ತು." ದನಿ ಏರಿಸದೆ, ಪಾಠ ಹೇಳುವ ಹಾಗೆ ಹೇಳುತ್ತಿದ್ದರು. "ಅದಕ್ಕೇ ನಿಮ್ಮ ಹತ್ರ ಬಂದೆ. ಇದಿಷ್ಟು ಮುಗೀಲಿ. ಆಮೇಲೆ ಡಾಕ್ಟ್ರು ಏನು ಬೇಕಾದ್ರೂ ಮಾಡ್ಕೊಳ್ಳಿ."

"ಡಾಕ್ಟ್ರಿಗೆ ತೋರ್ಸಿದೀರಾ?"

"ಇಲ್ಲ."

"ರಾಯರಿಗೆ?"

ಅವರು ವರಾಂಡದ ಕಡೆ ನೋಡಿದರು. "ಅವ್ರಿಗೆ ಗೊತ್ತಾದ್ರೆ ಇವತ್ತೇ ಆಸ್ಪತ್ರೆಗೆ ಎಳ್ಕೊಂಡು ಹೋಗ್ತಾರೆ. ನೀನೂ ಹೇಳ್ಬಾರ್ದು."

ಮಳೆ ಶೀಟಿನ ಮೇಲೆ ಜೋರಾಯಿತು. ಹಾಗೆ ಮಳೆ ಬಂದರೆ ರೆಕಾರ್ಡಿಂಗ್ ನಿಲ್ಲಿಸಲೇಬೇಕು, ಅವತ್ತಿನ ಕೆಲಸ ಹೇಗೂ ಮುಗಿದಿತ್ತು.

"ಅಮ್ಮ, ರಾಯರಿಗೆ ಹೇಳದೆ ನಾನು ಇನ್ನೊಂದು ಹಾಡೂ ರೆಕಾರ್ಡ್ ಮಾಡಲ್ಲ."

ಅವರು ನನ್ನನ್ನು ನೋಡಿದ ನೋಟ ಈಗಲೂ ಕಣ್ಣ ಮುಂದಿದೆ. ಸಿಟ್ಟು ಅಲ್ಲ, ನಂಬಿ ಮೋಸಹೋದವರ ನೋಟ. "ಹಾಗಾದ್ರೆ ಬೇರೆ ಕಡೆ ನೋಡ್ಕೋತೀನಿ" ಎಂದು ಎದ್ದು, ಕೊಡೆಗೂ ಕಾಯದೆ ಮಳೆಯಲ್ಲೇ ಗೇಟು ದಾಟಿದರು. ರಾಯರು ಪೇಪರು ಮಡಚಿ, ಏನಾಯ್ತೆಂದು ತಿಳಿಯದೆ, "ಬರ್ತೀವಪ್ಪ, ಬರ್ತೀವಿ" ಎನ್ನುತ್ತ ಹಿಂದೆ ಓಡಿದರು.

ಆಮೇಲೆ ಸುದ್ದಿ ಇಲ್ಲ. ವಾಣಿಯೂ ಬರಲಿಲ್ಲ. ಮಳೆ ಹಿಡಿದದ್ದು ಬಿಡಲಿಲ್ಲ, ಬುಲ್ ಟೆಂಪಲ್ ರಸ್ತೆಯಲ್ಲಿ ಮರಗಳು ಉರುಳಿ ಎರಡು ದಿನ ಕರೆಂಟು ಹೋಯಿತು. ಸ್ಟುಡಿಯೋದಲ್ಲಿ ನಾಗೇಶನೂ ನಾನೂ ಒಬ್ಬರ ಮುಖ ಒಬ್ಬರು ನೋಡದೆ ಕೂತಿರುತ್ತಿದ್ದೆವು. ಗಾಂಧಿ ಬಜಾರಿಗೆ ಹೋದಾಗ ಅವರ ಬೀದಿಯ ತಿರುವಿನ ತನಕ ನಡೆದು ಹಿಂದೆ ಬರುತ್ತಿದ್ದೆ. ರಾಯರಿಗೆ ನಾನೇ ಹೋಗಿ ಹೇಳಿಬಿಡಲೇ ಎಂದು ಒಂದು ಸಲ ಅವರ ಮನೆಯ ಗೇಟಿಗೆ ಕೈಯಿಟ್ಟೆ. ಒಳಗೆ ಹುಡುಗಿಯರು ಸರಳೆ ಹಾಡುತ್ತಿದ್ದರು. ಅವರ ನಡುವೆ ಟೀಚರ ದನಿಗಾಗಿ ಕಿವಿಗೊಟ್ಟು ನಿಂತೆ. ತಾಳದ ಚಪ್ಪಾಳೆ ಮಾತ್ರ ಕೇಳಿಸುತ್ತಿತ್ತು. ಒಳಗೆ ಹೋಗಲಾಗಲಿಲ್ಲ.

ಒಂದು ಮಧ್ಯಾಹ್ನ ರಾಯರು ಬಂದರು, ಒಬ್ಬರೇ. ಅವರನ್ನು ಒಬ್ಬರನ್ನೇ ಗೇಟಿನಲ್ಲಿ ಕಂಡ ಕೂಡಲೇ ಎದ್ದು ಬಾಗಿಲಿಗೆ ಹೋದೆ. ಕೊಡೆಯನ್ನು ಮೂಲೆಗಿಟ್ಟು, ಚಪ್ಪಲಿ ಬಿಟ್ಟು, ಇಷ್ಟು ದಿನ ಒಳಗೆ ಬಾರದಿದ್ದವರು ಒಳಕೋಣೆಗೆ ಬಂದು ಕೂತರು. ಮೈಕಿನ ಸ್ಟ್ಯಾಂಡನ್ನು ಸುಮ್ಮನೆ ನೋಡುತ್ತಿದ್ದರು.

"ಹೇಳಿದ್ಲು," ಎಂದರು. "ಮೂರು ದಿನ ನನ್ನ ಹತ್ರ ಮಾತೇ ಆಡ್ಲಿಲ್ಲ. ಆಮೇಲೆ ಹೇಳಿದ್ಲು. ಡಾಕ್ಟ್ರ ಹತ್ರ ಹೋಗಿ ಬಂದ್ವಿ. ಗಂಟು ದನಿಯ ನರಕ್ಕೆ ಅಂಟಿಕೊಂಡಿದೆಯಂತೆ. ತೆಗೀದೆ ಇದ್ರೆ ಜೀವಕ್ಕೇ ಬರುತ್ತೆ. ತೆಗೆದ್ರೆ ನರ ಉಳಿಯೋದು ಕಷ್ಟ."

ನಾಗೇಶ ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತ.

"ಆಸ್ಪತ್ರೆಯಲ್ಲಿ ಜಾಗ ಸಿಗೋದು ಮುಂದಿನ ವಾರದ ಕೊನೇಲಿ," ಎಂದರು ರಾಯರು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. "ಅಲ್ಲಿವರೆಗೆ ಹಾಡಿದ್ರೆ ಏನೂ ತೊಂದ್ರೆ ಇಲ್ಲ ಅಂದಿದಾರೆ. ನಾನು ವಿಚಾರಿಸ್ದೆ. ಅಷ್ಟ್ರಲ್ಲಿ ಮುಗಿಸ್ತೀರಾ?"

ಮಾರನೇ ಬೆಳಗ್ಗೆ ಟೀಚರ್ ಬಂದರು. ನನ್ನ ಹತ್ತಿರ ಮಾತಾಡಲಿಲ್ಲ. ನಾಗೇಶನಿಗೆ, "ಯಾವ ಮೈಕಪ್ಪ?" ಎಂದರು. ನಾವು ಇನ್ನೂ ತೀರ್ಮಾನ ಮಾಡಿರಲಿಲ್ಲ. ನಾಗೇಶ ಬೂದು ಮೈಕನ್ನೇ ಹಿಡಿದಿದ್ದ. "ಇದ್ರಲ್ಲಿ ಆ ಗಾಳಿ ಸೌಂಡು ಮುಚ್ಚಿಹೋಗುತ್ತೆ ಅಮ್ಮ, ಕೇಳೋರಿಗೆ ಗೊತ್ತೇ ಆಗಲ್ಲ." ನನ್ನ ಮಾತಿಗೆ ಅಲ್ಲಿ ಬೆಲೆ ಇರಲಿಲ್ಲ.

"ಎರಡೂ ಕೇಳಿಸು" ಎಂದರು.

ಹೆಡ್‌ಫೋನ್ ಹಾಕಿಕೊಂಡು ಒಂದೇ ಹಾಡನ್ನು ಎರಡರಲ್ಲೂ ಕೇಳಿದರು. ಬೂದು ಮೈಕಿನದು ಬಂದಾಗ ಮುಖ ಸಡಿಲಾಯಿತು, ಹದಿಹರೆಯದ ತಮ್ಮ ಫೋಟೋ ಕಂಡವರಂತೆ. "ಇದ್ರಲ್ಲಿ ನಾನು ಚೆನ್ನಾಗಿದೀನಿ" ಎಂದು ನಕ್ಕರು. ಕಪ್ಪು ಮೈಕಿನದು ಬಂದಾಗ ಹುಬ್ಬು ಗಂಟಾಯಿತು. ಅದನ್ನು ಮತ್ತೊಮ್ಮೆ ಹಾಕಿಸಿಕೊಂಡರು.

"ಇದೇ ಇರ್ಲಿ."

"ಅಮ್ಮ, ಇದ್ರಲ್ಲಿ ಎಲ್ಲಾ ಗೊತ್ತಾಗುತ್ತೆ," ಎಂದ ನಾಗೇಶ.

"ಆಗ್ಲಿ. ಆ ದಪ್ಪದ್ರಲ್ಲಿ ಅಕ್ಷರ ಒಂದಕ್ಕೊಂದು ಅಂಟಿಕೊಳ್ಳುತ್ತೆ. ಳಕಾರ ಲಕಾರ ಒಂದೇ ಥರ ಕೇಳುತ್ತೆ. ನನ್ನ ದನಿ ಯಾರಿಗ್ಬೇಕು? ನಾಳೆ ಕಲಿಯೋರಿಗೆ ಸಾಹಿತ್ಯ ತಿಳೀಬೇಕು." ಆಮೇಲೆ ಮೊದಲ ಸಲ ನನ್ನ ಕಡೆ ತಿರುಗಿದರು. "ನೀನು ಬಟನ್ ಒತ್ತು."

ಟೀಚರ್ ಹಾಡುಗಳ ಸರದಿಯನ್ನು ತಾವೇ ಇಟ್ಟುಕೊಂಡಿದ್ದರು. ಮೇಲಿನ ಸ್ಥಾಯಿಯವು ಮೊದಲು, ಮಧ್ಯದವು ಆಮೇಲೆ, ತೊಟ್ಟಿಲ ಹಾಡು ಕೊನೆಗೆ. ಮೊದಲ ದಿನ ಅದು ಯಾಕೆಂದು ನಮಗೆ ಹೊಳೆಯಲಿಲ್ಲ. ಮೇಲಿನ ಸ್ವರಗಳೇ ಮೊದಲು ಹೋಗುತ್ತವೆ ಎಂದು ಅವರಿಗೆ ಗೊತ್ತಿತ್ತು. ಇವತ್ತು ಮುಟ್ಟಿದ ಪಂಚಮ ನಾಳೆ ಸಿಗುತ್ತಿರಲಿಲ್ಲ. ಒಂದು ಉಸಿರಿನಲ್ಲಿ ಮುಗಿಯುತ್ತಿದ್ದ ಸಾಲು ಎರಡಾಯಿತು, ಎರಡು ಮೂರಾಯಿತು. ಸೈಕಲ್ ಟ್ಯೂಬಿನ ಆ ಗಾಳಿ ಈಗ ಹೆಡ್‌ಫೋನ್ ಇಲ್ಲದೆಯೂ ಕೋಣೆಯಲ್ಲೇ ಕೇಳಿಸುತ್ತಿತ್ತು. ವಾಣಿಗೂ ಕೇಳಿಸಿತು. ಅವಳು ತಂಬೂರಿಯ ಹಿಂದೆ ಮುಖ ಮರೆಮಾಡಿಕೊಂಡು ಅಳುತ್ತಲೇ ತಂತಿ ಮೀಟುತ್ತಿದ್ದಳು. ಒಂದು ಬಿಕ್ಕಳಿಕೆ ಮೈಕಿಗೆ ಸಿಕ್ಕಿತು. ಟೀಚರ್ ಹಾಡು ನಿಲ್ಲಿಸಿದರು.

"ವಾಣಿ, ಅಳೋದಾದ್ರೆ ಹೊರಗೆ. ಇಲ್ಲಿ ಕೂತ್ರೆ ಶ್ರುತಿ ನೋಡು."

ಮಳೆಯೂ ನಮ್ಮ ಮೇಲೆ ಪಂತ ಕಟ್ಟಿದಂತಿತ್ತು. ಕೆಲವು ದಿನ ಬೆಳಗ್ಗೆ ಅದು ನಿಲ್ಲುವುದನ್ನೇ ಕಾಯುತ್ತ ನಾವು ಐವರೂ ಕೂತಿರುತ್ತಿದ್ದೆವು. ರಾಯರು ಈಗ ಒಳಗೇ, ಮೂಲೆಯ ಸ್ಟೂಲಿನ ಮೇಲೆ. ಶೀಟಿನ ಸದ್ದು ಕಮ್ಮಿಯಾದ ಕೂಡಲೇ ಟೀಚರ್ ಕೈಯೆತ್ತುತ್ತಿದ್ದರು, ನಾನು ಬಟನ್ ಒತ್ತುತ್ತಿದ್ದೆ. ಪಕ್ಕದ ಮನೆಯ ಕುಕ್ಕರಿನವರಿಗೆ ನಾಗೇಶ ಹೋಗಿ ಕೈಮುಗಿದು ಬಂದ. ಅವರು ಅಡುಗೆಯ ಹೊತ್ತನ್ನೇ ಬದಲಾಯಿಸಿದರು. ಯಾಕೆಂದು ಕೇಳಲಿಲ್ಲ, ಅವರ ಇಬ್ಬರು ಹೆಣ್ಣುಮಕ್ಕಳೂ ಟೀಚರ ಹತ್ತಿರವೇ ಕಲಿತವರು.

ಕೊನೆಯ ದಿನ ತೊಟ್ಟಿಲ ಹಾಡು. ಹೆಚ್ಚು ಕಮ್ಮಿ ಉಸಿರೇ ಇತ್ತು, ದನಿ ಅದರ ಅಂಚಿನಲ್ಲಿ ಸಣ್ಣಗೆ. ಮುಗಿದ ಮೇಲೆ ಟೀಚರ್ ಎದ್ದು, ಮೈಕಿಗೆ ಕೈಮುಗಿದು, ಸೆರಗು ಸರಿಮಾಡಿಕೊಂಡು ಹೊರಟರು. ಬಾಗಿಲಲ್ಲಿ ನಿಂತು ನನ್ನ ಭುಜ ಮುಟ್ಟಿದರು. ಏನೋ ಹೇಳಲು ಹೋಗಿ ಕೆಮ್ಮು ಬಂತು. ಹೇಳದೆ ಹೋದರು.

ಆಪರೇಷನ್ ಆಯಿತು. ಗಂಟಿನ ಜೊತೆ ನರವನ್ನೂ ತೆಗೆಯಬೇಕಾಯಿತಂತೆ. ಜೀವಕ್ಕೆ ಅಪಾಯವಿಲ್ಲ, ಮುಂದೆ ಎಚ್ಚರದಿಂದ ನೋಡುತ್ತಿರಬೇಕು ಎಂದರು. ರಾಯರು ಆಸ್ಪತ್ರೆಯಿಂದ ಫೋನು ಮಾಡಿ, "ಮನುಷ್ಯಳು ಸಿಕ್ಕಿದ್ಲು" ಎಂದು ಅಷ್ಟೇ ಹೇಳಿ ಇಟ್ಟರು. ನಾವು ಬೂದು ಮೈಕನ್ನು ಎಸ್.ಪಿ. ರಸ್ತೆಗೆ ವಾಪಸು ಕೊಟ್ಟೆವು. ಕಪ್ಪು ಮೈಕು ಉಳಿಯಿತು. ಆ ಮೇಲೆ ಅದರ ಮುಂದೆ ಎಷ್ಟೋ ಜನ ಬಂದು ಹಾಡಿದರು. ಅವರು ಬಾಯಿ ತೆರೆದ ಕೂಡಲೇ ನಾನು ಹಾಡು ಕೇಳುವುದಿಲ್ಲ, ಉಸಿರು ಕೇಳುತ್ತೇನೆ. ಮನೆಯಲ್ಲಿ ಹೆಂಡತಿ ಗಂಟಲು ಸರಿಮಾಡಿಕೊಂಡರೂ ಕೈಯಲ್ಲಿದ್ದ ಕೆಲಸ ನಿಂತುಬಿಡುತ್ತದೆ. ಆ ಅಭ್ಯಾಸ ಇವತ್ತಿಗೂ ಹೋಗಿಲ್ಲ.

ದೀಪಾವಳಿಯ ಹೊತ್ತಿಗೆ ಕ್ಯಾಸೆಟ್ಟುಗಳು ಸಿದ್ಧವಾದವು. ಮೊದಲನೆಯದನ್ನು ಹಿಡಿದು ಅವರ ಮನೆಗೆ ಹೋದೆ. ಹಜಾರದಲ್ಲಿ ಶಿಷ್ಯೆಯರೆಲ್ಲ ಗೋಡೆಗೊರಗಿ ಕೂತಿದ್ದರು, ಮುಂದೆ ವಾಣಿ. ಟೀಚರ್ ಚಾಪೆಯ ಮೇಲೆ ತಮ್ಮ ಜಾಗದಲ್ಲೇ ಇದ್ದರು, ಬಡಕಲಾಗಿ, ಕತ್ತಿನಲ್ಲಿ ಬಿಳಿ ಪಟ್ಟಿ. ಮಾತು ಬರೀ ಪಿಸುಗುಟ್ಟಿದ ಹಾಗೆ, ಹತ್ತಿರ ಕೂತವರಿಗೆ ಮಾತ್ರ. ರಾಯರು ಟೇಪ್‌ರೆಕಾರ್ಡರಿಗೆ ಕ್ಯಾಸೆಟ್ಟು ಹಾಕಿದರು.

ಆ ದನಿ ಹಜಾರದ ತುಂಬ ಎದ್ದಿತು. ಹುಡುಗಿಯರು ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು. ಯಾರಿಗೂ ಟೀಚರ ಮುಖ ನೋಡುವ ಧೈರ್ಯ ಇರಲಿಲ್ಲ, ನನಗೂ. ಆರತಿಯದು ಮುಗಿದು, ಹೆಣ್ಣಿಗೆ ಜಡೆ ಹೆಣೆಯುವ ಹಾಡು ಬಂತು, ಒಂದೊಂದು ನುಡಿಗೆ ಒಂದೊಂದು ಹೂವು ಮುಡಿಸುವ ಹಾಡು. ಅರ್ಧಕ್ಕೆ ಬಂದಿತ್ತು. ಟೀಚರ್ ಕೈಯೆತ್ತಿದರು. ರಾಯರು ಗಾಬರಿಯಿಂದ ಟೇಪು ನಿಲ್ಲಿಸಿದರು.

"ಏನಾಯ್ತೇ? ಬೇಡ್ವಾ?"

ಟೀಚರ್ ತಲೆಯಾಡಿಸಿ ವಾಣಿಯನ್ನು ಹತ್ತಿರಕ್ಕೆ ಕರೆದರು. ಅವಳು ಮುಂದೆ ಬಗ್ಗಿ ಅವರ ತುಟಿಯ ಹತ್ತಿರ ಕಿವಿಯಿಟ್ಟಳು. ನಾನು ಪಕ್ಕದಲ್ಲೇ ಇದ್ದೆ, ನನಗೂ ಕೇಳಿಸಿತು.

"ಅಲ್ಲಿ ತಪ್ಪು ಹಾಡಿದೀನಿ. ಈ ನುಡಿಗೆ ಸಂಪಿಗೆ ಅಲ್ಲ, ಮಲ್ಲಿಗೆ. ಸಂಪಿಗೆ ಮುಂದಿನದಕ್ಕೆ." ಉಸಿರು ಎಳೆದುಕೊಂಡರು. "ಅದನ್ನ ಕೇಳಿ ಎಲ್ರೂ ಹಾಗೇ ಕಲ್ತ್‌ಬಿಡ್ತಾರೆ. ನೀನು ಸರಿಯಾಗಿ ಹಾಡಿ ತೋರ್ಸು."

ವಾಣಿ ಕಣ್ಣು ಒರೆಸಿಕೊಂಡು ಶುರುಮಾಡಿದಳು. ದನಿ ನಡುಗಿ, ಶ್ರುತಿ ಕೆಳಗಿಳಿಯಿತು.

ಟೀಚರ್ ಚಾಪೆಯ ಮೇಲೆ ಬೆರಳಿನಿಂದ ಎರಡು ಸಲ ಕುಟ್ಟಿದರು. "ಮೊದಲಿಂದ," ಎಂದು ತುಟಿಯಾಡಿಸಿದರು.

ಅವಳು ಮೊದಲಿಂದ ಎತ್ತಿಕೊಂಡಳು.